ಫ್ಯಾನು ಸುಮ್ಮನಿದ್ದರೆ ಮಾತು ಕೇಳಿಸುತ್ತದೆ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಬರಹರೂಪ)



ಇವತ್ತು ಹಾಡಿಲ್ಲ, ಕವಿತೆಯಿಲ್ಲ. ಒಂದು ತಗಡಿನ ಪೆಟ್ಟಿಗೆಯ ಮಾತು. ಕನ್ನಡ ಬಿ.ಎ. ಓದಿದವಳಿಗೆ ಕಂಪ್ಯೂಟರಿನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಕಾರಣ ಇದೆ.

ಮುಂಬಯಿಯಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಅಡುಗೆ, ಊಟ, ನಿದ್ದೆ, ನನ್ನ ಧ್ವನಿಮುದ್ರಣ ಎಲ್ಲಾ ಅಲ್ಲೇ. ಜಾಗ ಸಾಲದೆಂದು ಬಿಡಿಭಾಗ ತಂದು, ತೆಳ್ಳಗಿನ ಡಬ್ಬಿಯಲ್ಲಿ ಪುಟ್ಟ ಕಂಪ್ಯೂಟರು ಜೋಡಿಸಿಕೊಂಡೆ. ಅದೇ ವಾರ ಊರಿಂದ ಅಜ್ಜಿ ಬಂದಿದ್ದರು. ರಾತ್ರಿ ಅವರನ್ನು ಕೂಡಿಸಿಕೊಂಡು ಹನ್ನೆರಡು ಸೋಬಾನೆ ಪದ ಮುದ್ರಿಸಿಕೊಂಡೆ. ಮರುದಿನ ಕೇಳಿದರೆ ಪ್ರತಿ ಪದದ ಹಿಂದೆಯೂ ಸೊಳ್ಳೆಯ ಹಾಗೆ 'ಗುಂಯ್'! ಸಾಫ್ಟ್‌ವೇರಿನಲ್ಲಿ ಆ ಸದ್ದು ತೆಗೆಯಲು ಹೋದರೆ ಅಜ್ಜಿಯ ದನಿಯೇ ಸವೆದುಹೋಯಿತು.

ತಪ್ಪು ನನ್ನದೇ. ಕಂಪ್ಯೂಟರಿಗೆ ಕರೆಂಟು ಹಂಚುವ ಪೆಟ್ಟಿಗೆಯನ್ನು, ನಾವೆಲ್ಲ ಎಸ್‌ಎಂಪಿಎಸ್ ಅನ್ನುವುದನ್ನು, ತೆಳುವಾಗಿದೆ ಎಂಬ ಒಂದೇ ಗುಣ ನೋಡಿ ಆರಿಸಿದ್ದೆ. ಅದು ಫ್ಲೆಕ್ಸ್ ಎಟಿಎಕ್ಸ್ ಜಾತಿಯದು. ಅದರ ಫ್ಯಾನು ಬರೀ 40 ಮಿಲಿಮೀಟರು. ಫ್ಯಾನು ಚಿಕ್ಕದಾದಷ್ಟೂ ಅಷ್ಟೇ ಗಾಳಿ ತಳ್ಳಲು ಜೋರಾಗಿ ಸುತ್ತಬೇಕು. ಜೋರಾಗಿ ಸುತ್ತಿದಷ್ಟೂ ಕೀರಲು ದನಿ.

ಹಾಗಾದರೆ ಏನು ತರಬೇಕು? ಸಣ್ಣ ಪೆಟ್ಟಿಗೆಗೆಂದೇ ಎಸ್‌ಎಫ್‌ಎಕ್ಸ್ ಎಂಬ ಅಳತೆ ಇದೆ: 125 ಮಿಲಿಮೀಟರು ಅಗಲ, 63.5 ಎತ್ತರ, 100 ಉದ್ದ. ಇದರಲ್ಲಿ ಸಾಮಾನ್ಯವಾಗಿ 80 ಅಥವಾ 92 ಮಿಲಿಮೀಟರಿನ ಫ್ಯಾನು. ಎಸ್‌ಎಫ್‌ಎಕ್ಸ್-ಎಲ್ ಎಂಬುದು 30 ಮಿಲಿಮೀಟರು ಹೆಚ್ಚು ಉದ್ದ. ಅದರಲ್ಲಿ 120ರ ಫ್ಯಾನು ಕೂರುತ್ತದೆ, ನಿಧಾನವಾಗಿ ತಿರುಗುತ್ತದೆ. ಆದರೆ ಕೊಳ್ಳುವ ಮೊದಲು ಟೇಪು ಹಿಡಿದು ನಿಮ್ಮ ಡಬ್ಬಿಯ ಒಳಗನ್ನು ಅಳೆಯಿರಿ. ಆ 30 ಮಿಲಿಮೀಟರಿಗೇ ವೈರುಗಳು ಬಾಗಲು ಜಾಗ ಇಲ್ಲದಂತಾಗುತ್ತದೆ.

ಇನ್ನು ವಾಟ್ ಲೆಕ್ಕ. "ಇರಲಿ, 750 ವಾಟೇ ತಗೊಳ್ಳಿ" ಎನ್ನುವವರು ಸಿಗುತ್ತಾರೆ. ಬೇಡ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದ ಪುಟ್ಟ ಕಂಪ್ಯೂಟರು ಪತ್ರ ಬರೆಯುವಾಗ, ಹಾಡು ಕೇಳುವಾಗ 30–40 ವಾಟಿನಲ್ಲೇ ಇರಬಹುದು. ಪ್ರೊಸೆಸರಿನ ಮೇಲೆ 65 ಎಂದಿದ್ದರೂ ಕೆಲಸದ ಭರದಲ್ಲಿ ಅದಕ್ಕಿಂತ ಹೆಚ್ಚೇ ಎಳೆಯುತ್ತದೆ ಎಂಬುದು ನೆನಪಿರಲಿ. ಆದರೂ ಅಂಥದಕ್ಕೆ 300ರಿಂದ 450 ವಾಟ್ ಧಾರಾಳ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವೆ. ಇಲ್ಲಿ ಕಾಲಿನಷ್ಟೇ ಹಾಸಿಗೆ ಹಾಸಬೇಕು.

ನಿಜವಾದ ಗುಟ್ಟು ಶಾಖದಲ್ಲಿದೆ. ಕಂಪ್ಯೂಟರಿಗೆ 80 ವಾಟ್ ಬೇಕೆನ್ನಿ. ಪೆಟ್ಟಿಗೆಯ ದಕ್ಷತೆ ಶೇಕಡಾ 80 ಇದ್ದರೆ ಗೋಡೆಯಿಂದ 100 ವಾಟ್ ಎಳೆದು, 20 ವಾಟನ್ನು ಬಿಸಿಯಾಗಿ ಕಳೆಯುತ್ತದೆ. ಶೇಕಡಾ 90 ಇದ್ದರೆ ಕಳೆಯುವುದು 9 ವಾಟ್ ಮಾತ್ರ. ಬಿಸಿ ಅರ್ಧವಾದರೆ ಫ್ಯಾನಿನ ಕೆಲಸವೂ ಇಳಿಯಿತು. ಈ ದಕ್ಷತೆ ಗುರುತಿಸಲು 2004ರಲ್ಲಿ ಶುರುವಾದ '80 ಪ್ಲಸ್' ಮುದ್ರೆ ನೋಡಿ. ಅದರಲ್ಲಿ 'ಗೋಲ್ಡ್' ಎಂದರೆ ಅರ್ಧ ಭಾರದಲ್ಲಿ ಕನಿಷ್ಠ ಶೇಕಡಾ 90. ಭಾರ ತೀರಾ ಕಡಿಮೆಯಾದರೆ ದಕ್ಷತೆಯೂ ಬೀಳುತ್ತದೆ; 750 ಬೇಡ ಎಂದದ್ದು ಅದಕ್ಕೂ. ಭಾರ ಕಡಿಮೆಯಿದ್ದಾಗ ಫ್ಯಾನು ಪೂರ್ತಿ ನಿಲ್ಲುವ ಮಾದರಿಗಳೂ ಇವೆ. ಚೆನ್ನೈ, ಹೈದರಾಬಾದಿನ ಕೇಳುಗರು ಇನ್ನೊಂದು ನೋಡಿ: ವಾಟ್ ಅಂಕಿಯನ್ನು ಎಷ್ಟು ಡಿಗ್ರಿ ತಾಪಮಾನಕ್ಕೆ ಕೊಟ್ಟಿದ್ದಾರೆ? 40 ಅಥವಾ 50 ಎಂದಿದ್ದರೆ ಒಳ್ಳೆಯದು.

ಫ್ಯಾನೇ ಬೇಡವೆನ್ನುವವರಿಗೆ ಪಿಕೋ ಮಾದರಿ ಇದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಹಲಗೆ ಒಳಗೆ, ಲ್ಯಾಪ್‌ಟಾಪಿನಂಥ 12 ವೋಲ್ಟ್ ಅಡಾಪ್ಟರು ಹೊರಗೆ. ಕಡಿಮೆ ವಿದ್ಯುತ್ತಿನ ಪ್ರೊಸೆಸರಿಗೆ ಇದು ಸಾಕು. ಅಡಾಪ್ಟರಿನ ಮೇಲೆ ಬಿಐಎಸ್ ನೋಂದಣಿಯ ಗುರುತು ಇರಲಿ.

ಮೂರು ಎಚ್ಚರಿಕೆ. ಒಂದು, ಹಳೆಯ ಕಟ್ಟಡಗಳಲ್ಲಿ ಅರ್ಥಿಂಗ್ ಇಲ್ಲದೆಯೂ ಇರಬಹುದು. ಡಬ್ಬಿ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಮೊದಲು ಎಲೆಕ್ಟ್ರೀಷಿಯನ್ನರನ್ನು ಕರೆಯಿರಿ. ಎರಡು, ಒಂದು ಕಂಪನಿಯ ಎಸ್‌ಎಂಪಿಎಸ್ ವೈರನ್ನು ಇನ್ನೊಂದಕ್ಕೆ ಹಾಕಬೇಡಿ. ತುದಿ ಕೂತರೂ ಒಳಗಿನ ತಂತಿಗಳ ಜೋಡಣೆ ಬೇರೆ ಇದ್ದೀತು, ಎಲ್ಲಾ ಸುಟ್ಟೀತು. ಮೂರು, ಸದ್ದು ಮಾಡುತ್ತದೆಂದು ಪೆಟ್ಟಿಗೆ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪ್ಯಾಸಿಟರಿನಲ್ಲಿ ಪ್ರಾಣಾಪಾಯದ ವಿದ್ಯುತ್ತು ಉಳಿದಿರುತ್ತದೆ.

ನಾನು ಡಬ್ಬಿ ಬದಲಿಸಿ 450 ವಾಟಿನ ಗೋಲ್ಡ್ ಎಸ್‌ಎಫ್‌ಎಕ್ಸ್ ಹಾಕಿಸಿದೆ. ಪ್ರಯಾಣ ಇನ್ನು ಅಜ್ಜಿಯ ಕೈಲಾಗದು. ಹಾಗಾಗಿ ದೀಪಾವಳಿಗೆ ಆ ಪೆಟ್ಟಿಗೆಯನ್ನೇ ಚೀಲದಲ್ಲಿಟ್ಟು ಊರಿಗೆ ಒಯ್ದೆ. ಹನ್ನೆರಡರಲ್ಲಿ ನಾಲ್ಕು ಪದ ಅವರಿಗೆ ಮರೆತಿದ್ದವು. ಎಂಟು ಪದ ಸ್ವಚ್ಛವಾಗಿ ಸಿಕ್ಕವು. ಉಳಿದ ನಾಲ್ಕು ಆ 'ಗುಂಯ್' ಜೊತೆಗೇ ನನ್ನ ಬಳಿ ಇವೆ.

ನಿಮ್ಮ ಮನೆಯಲ್ಲೂ ಮುದ್ರಿಸಿಕೊಳ್ಳಬೇಕಾದ ಒಂದು ದನಿ ಇದ್ದೀತು. ಪೆಟ್ಟಿಗೆ ಮೊದಲೇ ಸರಿಯಾಗಿರಲಿ.