ಆಟ ನೋಡಲು ಹೋಗುವವರಿಗೆ ಎರಡು ಮಾತು
(ಯುವಕ ಮಂಡಲಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹಿಪ್ಪುನೇರಳೆ, ರಾಗಿ ತಳಿ, ಗೊಬ್ಬರದ ಗುಂಡಿ ಇವುಗಳ ಮಾತು ಕೇಳಿ ರೂಢಿಯಾದ ತಮಗೆ ಇಂದು ಕ್ರಿಕೆಟ್ಟಿನ ಮಾತು ವಿಚಿತ್ರವಾಗಿ ಕಂಡೀತು. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಕಡೆಗೂ ಬೆಂಗಳೂರು ಬಹಳ ಹತ್ತಿರ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಹೊರಟ ಹುಡುಗ ಮಧ್ಯಾಹ್ನಕ್ಕೆ ಕ್ರೀಡಾಂಗಣದ ಬಾಗಿಲಲ್ಲಿ ನಿಂತಿರುತ್ತಾನೆ. ಹೋಗಬೇಡವೆಂದರೆ ಅವನು ನಿಲ್ಲುವವನಲ್ಲ. ಹೋಗಬೇಡವೆನ್ನಲು ನಾನೂ ಬಂದವನಲ್ಲ. ಮೆಚ್ಚಿದ ಆಟಗಾರನನ್ನು ಕಣ್ಣಾರೆ ಕಾಣುವುದು ಒಂದು ದಿನದ ಕೂಲಿಗೆ ಮೀರಿದ ಸುಖವೆಂದೇ ನನ್ನ ಅಭಿಪ್ರಾಯ. ಹೇಗೆ ಹೋಗಬೇಕು, ಹೇಗೆ ಹಿಂದಿರುಗಬೇಕು ಎಂಬುದಷ್ಟೇ ನನ್ನ ವಿಷಯ.

ನಾಯಕರನ್ನು ನೋಡುವ ಹಂಬಲ ನಮ್ಮ ಸೀಮೆಗೆ ಹೊಸದಲ್ಲ. 1973ರ ಅಕ್ಟೋಬರಿನಲ್ಲಿ ನಮ್ಮ ರಾಮದೇವರ ಬೆಟ್ಟದ ಮಗ್ಗುಲಲ್ಲಿ 'ಶೋಲೆ' ಚಿತ್ರದ ಕೆಲಸ ಆರಂಭವಾಯಿತು. ಅದೇ ಹಂಗಾಮಿನಲ್ಲಿ ಬೆಂಗಳೂರಿನಲ್ಲಿ ಇನ್ನೊಬ್ಬ ನಾಯಕನ ಆಟ ನಡೆಯಿತು. ಆತನೇ ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್.

ಗಿಡ್ಡ ಆಳು. ಮೊದಲ ರಣಜಿ ಪಂದ್ಯದಲ್ಲೇ 1967ರಲ್ಲಿ 230 ರನ್ನು ಹೊಡೆದವರು. 1969ರಲ್ಲಿ ಕಾನ್ಪುರದಲ್ಲಿ ಆಡಿದ ಮೊದಲ ಟೆಸ್ಟಿನಲ್ಲಿ ಮೊದಲ ಸರದಿಗೆ ಸೊನ್ನೆ, ಎರಡನೆಯದಕ್ಕೆ 137. ಆ ಕಾಲಕ್ಕೆ ರಣಜಿ ಕಪ್ ಎಂದರೆ ಮುಂಬಯಿಯ ಮನೆಯ ಪಾತ್ರೆ ಎನ್ನುವಂತಾಗಿತ್ತು. 1958-59ರಿಂದ ಸತತವಾಗಿ ಹದಿನೈದು ಬಾರಿ ಅವರೇ ಗೆದ್ದಿದ್ದರು. ನಮ್ಮ ರಾಜ್ಯಕ್ಕೆ 'ಕರ್ನಾಟಕ'ವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಆ ಹೆಸರಿನ ಮೊದಲ ಹಂಗಾಮಿನಲ್ಲೇ, 1974ರಲ್ಲಿ, ಮುಂಬಯಿ ತಂಡ ಸೆಮಿಫೈನಲ್ಲಿಗೆ ಬೆಂಗಳೂರಿಗೆ ಬಂದಿತು.

ಆ ಪಂದ್ಯದಲ್ಲಿ ವಿಶ್ವನಾಥರು 162, ಬ್ರಿಜೇಶ್ ಪಟೇಲರು 106 ರನ್ನು ಹೊಡೆದರು. ತಂಡದ ಮೊತ್ತ 385. ಎರಡೂ ಕಡೆಯವರ ಎರಡೆರಡು ಸರದಿ ಮುಗಿಯದಿದ್ದರೆ ಮೊದಲ ಸರದಿಯಲ್ಲಿ ಹೆಚ್ಚು ಹೊಡೆದವರು ಗೆದ್ದರೆಂದು ಆ ಆಟದ ಕಟ್ಟಳೆ. ಆದ್ದರಿಂದ ಇಡೀ ಪಂದ್ಯ ಮುಂಬಯಿಯ ಮೊದಲ ಸರದಿಯ ಮೇಲೆ ನಿಂತಿತು. ನಾಯಕ ಪ್ರಸನ್ನರು ಗಾಳಿಯಲ್ಲಿ ತೇಲಿಸಿ ಬಿಟ್ಟ ಚೆಂಡಿಗೆ ಗವಾಸ್ಕರರ ವಿಕೆಟ್ ಉರುಳಿತು. ಮುಂಬಯಿ 307ಕ್ಕೆ ಮುಗಿಯಿತು. ಮುಂದೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಬಾರಿಗೆ ಕಪ್ ತಂದಿತು. (ಈ ಗವಾಸ್ಕರರ ತಂಗಿಯನ್ನೇ ವಿಶ್ವನಾಥರು ಮುಂದೆ ಮದುವೆಯಾದರು. ಎದುರಾಳಿಗಳು ನೆಂಟರಾಗುವುದು ನಮ್ಮ ಹಳ್ಳಿಗಳಲ್ಲೂ ಇದ್ದದ್ದೇ.) ಅದೇ ಬೆಂಗಳೂರಿನಲ್ಲಿ 1979ರಲ್ಲಿ ಆಸ್ಟ್ರೇಲಿಯಾದ ವಿರುದ್ಧ ಅವರು ಔಟಾಗದೆ 161 ರನ್ನು ಹೊಡೆದರು.

ಆದರೂ ಜನ ಅವರನ್ನು ಹಚ್ಚಿಕೊಂಡದ್ದು ರನ್ನಿನ ಲೆಕ್ಕಕ್ಕಲ್ಲ. 1980ರಲ್ಲಿ ಮುಂಬಯಿಯ ಟೆಸ್ಟಿನಲ್ಲಿ ಅವರೇ ಭಾರತದ ನಾಯಕರು. ಇಂಗ್ಲೆಂಡಿನ ಟೇಲರ್ ಔಟೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ವಿಶ್ವನಾಥರು ಅಂಪೈರರನ್ನು ಕೇಳಿ ಟೇಲರರನ್ನು ಹಿಂದಕ್ಕೆ ಕರೆಸಿದರು. ಆ ಟೇಲರ್ ನಿಂತು ಆಡಿ, ಬಾಥಮ್ ಜೊತೆ ದೊಡ್ಡ ಜೊತೆಯಾಟ ಕಟ್ಟಿದರು, ಭಾರತ ಸೋತಿತು. ಹೀಗೆ ಸೋತವರನ್ನು ಮರೆಯುವುದು ಕಷ್ಟ.

'ಮನೆಯ ಟಿ.ವಿ.ಯಲ್ಲಿ ಎಲ್ಲವೂ ಕಾಣುವಾಗ ಅಷ್ಟು ದೂರ ಏಕೆ ಹೋಗಬೇಕು?' ಎಂದು ಹಿರಿಯರು ಕೇಳುತ್ತಾರೆ. ಟಿ.ವಿ. ತೋರಿಸುವುದು ಚೆಂಡಿದ್ದ ಕಡೆಯನ್ನು. ಮೈದಾನದಲ್ಲಿ ಕುಳಿತವನಿಗೆ ಇಡೀ ಹೊಲ ಒಂದೇ ನೋಟಕ್ಕೆ ಸಿಗುತ್ತದೆ. ನಾಯಕ ಕೈಸನ್ನೆ ಮಾಡುತ್ತಾನೆ, ದೂರದ ಮೂಲೆಯಲ್ಲಿದ್ದವನು ನಾಲ್ಕು ಹೆಜ್ಜೆ ಸರಿಯುತ್ತಾನೆ, ಮುಂದಿನ ಚೆಂಡಿಗೆ ಕ್ಯಾಚು ಅಲ್ಲಿಗೇ ಹೋಗುತ್ತದೆ. ಇನ್ನೊಂದು ಚಮತ್ಕಾರವಿದೆ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವುದನ್ನು ನೋಡಿದ್ದೀರಲ್ಲವೆ? ಬಟ್ಟೆ ಕಲ್ಲಿಗೆ ಬಿದ್ದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಮೈದಾನದ ಆಚೆ ತುದಿಯ ಬ್ಯಾಟಿನ ಸದ್ದೂ ಹಾಗೆಯೇ ಕಣ್ಣಿನ ಹಿಂದೆ ಬರುತ್ತದೆ. ಬೌಲರ್ ಓಡಿ ಬರುವಾಗ ಮೂವತ್ತು ಸಾವಿರ ಜನ ಒಮ್ಮೆಗೇ ಉಸಿರು ಹಿಡಿಯುವ ನಿಶ್ಶಬ್ದವಂತೂ ಯಾವ ಪೆಟ್ಟಿಗೆಯಲ್ಲೂ ಸಿಗದು.

ಇಷ್ಟು ಸುಖದ ಮಾತಾಯಿತು. ಇನ್ನು ಹೇಳಲೇಬೇಕಾದ ದುಃಖದ ಮಾತಿದೆ.

2025ರ ಜೂನ್ 3ರ ರಾತ್ರಿ ಬೆಂಗಳೂರಿನ ಆರ್‌ಸಿಬಿ ತಂಡ ಅಹಮದಾಬಾದಿನಲ್ಲಿ ಐಪಿಎಲ್ ಕಪ್ ಗೆದ್ದಿತು. ಹದಿನೆಂಟನೆಯ ವರ್ಷಕ್ಕೆ ಮೊದಲ ಕಪ್. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯವೇ ಇರಲಿಲ್ಲ. ಕೊಹ್ಲಿ ಮೊದಲಾದವರ ಮುಖ ಕಂಡರೆ ಸಾಕೆಂದು ಜನ ಬಂದರು. ಒಳಗಿನ ಆಸನಗಳ ಹಲವು ಪಟ್ಟು ಜನ ಹೊರಗೆ ಸೇರಿದರು. ಬಾಗಿಲುಗಳ ಬಳಿಯ ನೂಕಿನಲ್ಲಿ 11 ಜನ ಸತ್ತರು, ಐವತ್ತಕ್ಕೂ ಹೆಚ್ಚು ಜನರಿಗೆ ಪೆಟ್ಟಾಯಿತು. ಸತ್ತವರಲ್ಲಿ ಹೆಚ್ಚಿನವರು ಎಳೆಯರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕಲ್ ಡಿಕುನ್ಹಾ ಆಯೋಗ, ಆ ಕ್ರೀಡಾಂಗಣದ ಕಟ್ಟಡ ಭಾರಿ ಜನಸಂದಣಿಗೆ ಸುರಕ್ಷಿತವಲ್ಲವೆಂದು ವರದಿ ಕೊಟ್ಟಿತು. ಅದೇ ವರ್ಷ ಬೆಂಗಳೂರಿನಲ್ಲಿ ನಡೆಯಬೇಕಿದ್ದ ಮಹಿಳೆಯರ ವಿಶ್ವಕಪ್ ಪಂದ್ಯಗಳು ನವಿ ಮುಂಬಯಿಗೆ ಹೋದವು. ನವೆಂಬರ್ 2ರಂದು ಭಾರತದ ಹೆಣ್ಣುಮಕ್ಕಳು ಅಲ್ಲಿ ಕಪ್ ಎತ್ತಿದರು. ನಮ್ಮ ಹುಡುಗಿಯರು ಅದನ್ನು ಟಿ.ವಿ.ಯಲ್ಲಿ ನೋಡಬೇಕಾಯಿತು.

ಏರ್ಪಾಡು ಮಾಡಬೇಕಾದವರು ಮಾಡಬೇಕು; ಅದು ಅವರ ಹೊಣೆ, ಬಂದ ಜನರ ತಪ್ಪೆಂದು ಯಾರೂ ಜಾರಿಕೊಳ್ಳಬಾರದು. ನಮ್ಮ ಕೈಯಲ್ಲಿರುವಷ್ಟನ್ನು ಮಾತ್ರ ನಾನು ಹೇಳುತ್ತೇನೆ.

ಜನ ಕಾಲ್ತುಳಿತಕ್ಕೆ ಸಿಕ್ಕಿ ಸಾಯುತ್ತಾರೆಂದು ನಾವು ತಿಳಿದಿದ್ದೇವೆ. ಬಹುಮಟ್ಟಿಗೆ ಹಾಗಲ್ಲ, ನಿಂತಲ್ಲೇ ಎದೆ ಅದುಮಿ, ಉಸಿರು ಕಟ್ಟಿ ಸಾಯುತ್ತಾರೆ. ಕುರಿಹಟ್ಟಿಯ ಬಾಗಿಲಲ್ಲಿ ಮುಂದಿನ ಕುರಿ ಸಿಕ್ಕಿಕೊಂಡರೆ ಹಿಂದಿನವಕ್ಕೆ ಅದು ತಿಳಿಯದು, ತಳ್ಳುತ್ತಲೇ ಇರುತ್ತವೆ. ಜನರೂ ಹಾಗೆಯೇ. ಹುಳು ಬೆಳೆದಂತೆಲ್ಲ ತಟ್ಟೆಯಲ್ಲಿ ಜಾಗ ಬಿಡಿಸಿಕೊಡಬೇಕೆಂದು ಬಲ್ಲ ನಿಮಗೆ ಇದನ್ನು ವಿವರಿಸಬೇಕಿಲ್ಲ. ಭುಜಕ್ಕೆ ಭುಜ ತಾಗಿ, ಕೈಯೆತ್ತಿ ಮುಖ ಒರೆಸಿಕೊಳ್ಳಲು ಆಗುತ್ತಿಲ್ಲವೆಂದರೆ ಅಲ್ಲಿಂದ ಹೊರಡುವ ಹೊತ್ತಾಯಿತೆಂದು ತಿಳಿಯಿರಿ. ಇನ್ನೂ ಐದು ನಿಮಿಷ ನೋಡೋಣವೆಂದು ನಿಲ್ಲಬೇಡಿ. ಅಷ್ಟರಲ್ಲೇ ಸಿಕ್ಕಿಕೊಂಡರೆ ಎರಡು ಕೈಯನ್ನೂ ಎದೆಯ ಮುಂದೆ ಮಡಚಿ ಉಸಿರಾಡಲು ಜಾಗ ಉಳಿಸಿಕೊಳ್ಳಿ. ನೂಕು ಬಂದಾಗ ಎದುರು ತಳ್ಳದೆ, ಅದು ಇಳಿದಾಗ ಓರೆಯಾಗಿ ಅಂಚಿನ ಕಡೆ ಸರಿಯಿರಿ. ಗೋಡೆ, ಬೇಲಿಗಳಿಗೆ ಒತ್ತಿಕೊಳ್ಳಬೇಡಿ. ಚಪ್ಪಲಿ ಕಳಚಿತೋ, ಫೋನು ಬಿತ್ತೋ, ಬಗ್ಗಬೇಡಿ. ಮನುಷ್ಯ ಬಿದ್ದರೆ ಮಾತ್ರ ನಾಲ್ವರು ಸೇರಿ ಎತ್ತಿ ನಿಲ್ಲಿಸಿ.

ಕೈಯಲ್ಲಿ ಟಿಕೆಟ್ ಇಲ್ಲದೆ ಬಾಗಿಲಿಗೆ ಹೋಗಲೇಬೇಡಿ. ಪುಕ್ಕಟೆ ಪ್ರವೇಶವೆಂಬ ಸುದ್ದಿ ಫೋನಿನಲ್ಲಿ ಬಂದರೆ ಆ ದಿನ ಊರಲ್ಲೇ ಇರುವುದು ಮೇಲು. ಪಂದ್ಯ ಯಾವ ಊರಿನ ಯಾವ ಕ್ರೀಡಾಂಗಣದಲ್ಲಿ, ನಿಮ್ಮದು ಯಾವ ನಂಬರಿನ ಬಾಗಿಲು ಎಂದು ಟಿಕೆಟ್ಟಿನಲ್ಲೇ ಓದಿಕೊಳ್ಳಿ. ಚಿನ್ನಸ್ವಾಮಿಗೇ ಆದರೆ ರಾಮನಗರ, ಚನ್ನಪಟ್ಟಣದವರು ಚಲ್ಲಘಟ್ಟದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಬಹುದು. ಕನಕಪುರದವರು ರೇಷ್ಮೆ ಸಂಸ್ಥೆ ನಿಲ್ದಾಣದಲ್ಲಿ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಬೇಕು. ಮಾಗಡಿಯವರಿಗೆ ಮೆಜೆಸ್ಟಿಕ್‌ವರೆಗೆ ಬಸ್ಸೇ ಸಲೀಸು. ಇಳಿಯುವುದು ಕಬ್ಬನ್ ಪಾರ್ಕ್ ನಿಲ್ದಾಣ. ಜನ ಮಿತಿಮೀರಿದರೆ ಅಲ್ಲಿ ರೈಲು ನಿಲ್ಲಿಸುವುದಿಲ್ಲ, ಆ ಜೂನ್ 4ರ ಸಂಜೆಯೂ ನಿಲ್ಲಿಸಲಿಲ್ಲ. ಮುಂದಿನ ನಿಲ್ದಾಣದಿಂದ ನಡೆಯಲು ಸಿದ್ಧರಾಗಿರಿ. ಆಟ ಮುಗಿದೊಡನೆ ಏಳದೆ ಅರ್ಧ ಗಂಟೆ ಆಸನದಲ್ಲೇ ಕುಳಿತಿದ್ದು ಹೊರಡಿ. ಜೊತೆಗಾರರು ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂಬುದನ್ನು ಒಳಹೋಗುವ ಮೊದಲೇ ಗೊತ್ತುಮಾಡಿಕೊಳ್ಳಿ, ಆ ಗದ್ದಲದಲ್ಲಿ ಫೋನು ಸಿಗುವುದಿಲ್ಲ. ಚಿಕ್ಕ ಮಕ್ಕಳ ಜೇಬಿನಲ್ಲಿ ಮನೆಯ ಫೋನ್ ನಂಬರು ಬರೆದ ಚೀಟಿ ಇರಲಿ.

ರೇಷ್ಮೆ ಬೆಳೆಯುವ ಮನೆಯವರಿಗೆ ಇನ್ನೊಂದು ಮಾತು. ಟಿಕೆಟ್ ಕೊಳ್ಳುವ ಮೊದಲು ಹುಳು ಎಷ್ಟನೇ ಜ್ವರದಲ್ಲಿದೆ ಎಂದು ಎಣಿಸಿ ನೋಡಿ. ಹುಳು ಹಣ್ಣಾಗಿ ಚಂದ್ರಿಕೆಗೆ ಹತ್ತಿಸುವ ದಿನವೇ ಮನೆಯ ಗಂಡಸರೆಲ್ಲ ಮೈದಾನಕ್ಕೆ ಹೋದರೆ, ರಾತ್ರಿ ಮನೆಗೆ ಬಂದಾಗ ಅಂಪೈರಿಂಗ್ ಮಾಡುವವರು ಬೇರೆಯೇ ಇರುತ್ತಾರೆ.