ನೀವು ಓದಿದ್ದು ನಿಮ್ಮ ಕ್ಯಾರೆಕ್ಟರ್‌ಗೆ ಹೇಗೆ ಗೊತ್ತಾಯ್ತು?

ಆನ್‌ಲೈನ್ ಫ್ಯಾಂಟಸಿ ರೋಲ್‌ಪ್ಲೇ ಗುಂಪುಗಳಲ್ಲಿ ಪದೇ ಪದೇ ಜಗಳ ತರೋ ಒಂದು ವಿಷಯ ಇದೆ, ಇವತ್ತು ಅದನ್ನೇ ಮಾತಾಡೋಣ. ಅಡಗಿಕೊಳ್ಳೋದು. ಸ್ಟೆಲ್ತ್. ಡ್ರ್ಯಾಗನ್ ಬಂದು ಊರಿಗೆ ಊರೇ ಸುಟ್ಟಾಗಲೂ ಒಟ್ಟಿಗೆ ಇದ್ದ ಗುಂಪು, ಯಾರೋ ಒಬ್ಬರು ಕಂಬದ ಹಿಂದೆ ನಿಂತು ಕದ್ದು ಕೇಳಿದ್ರು ಅನ್ನೋ ಕಾರಣಕ್ಕೆ ಒಡೆದು ಹೋಗುತ್ತೆ.

ಹೊಸಬರಿಗೆ ಮೊದಲು ಒಂದು ಸೀನ್ ಹೇಳ್ತೀನಿ. ಡಿಸ್ಕಾರ್ಡ್‌ನಲ್ಲಿ ಆಟ ನಡೀತಿದೆ. ಒಂದು ಛತ್ರದಲ್ಲಿ ಇಬ್ಬರು ವ್ಯಾಪಾರಿಗಳು ಗುಟ್ಟಾಗಿ ಮಾತಾಡ್ತಿದ್ದಾರೆ. ಮೂರನೇ ಆಟಗಾರರು ಟೈಪ್ ಮಾಡ್ತಾರೆ: 'ಕಳ್ಳಿ ಸದ್ದಿಲ್ಲದೆ ಕಿಟಕಿಯಿಂದ ಇಳಿದು ಕಂಬದ ಹಿಂದೆ ನಿಂತಳು.' ಸರಿ. ಈಗ ಈ ಸಾಲು ಮೂರೂ ಜನರ ಫೋನ್‌ನಲ್ಲಿದೆ. ವ್ಯಾಪಾರಿಗೆ ಏನೂ ಕೇಳಿಸಿಲ್ಲ. ಆದ್ರೆ ವ್ಯಾಪಾರಿಯನ್ನ ಆಡಿಸ್ತಿರೋರು ಓದಿ ಆಗಿದೆ. ಮುಂದಿನ ಸಾಲು ಬರುತ್ತೆ: 'ವ್ಯಾಪಾರಿಗೆ ಯಾಕೋ ಅನುಮಾನ ಬಂದು ಕಂಬದ ಹಿಂದೆ ಇಣುಕಿದ.'

ಯಾಕೋ ಅಂತೆ!

ಇದಕ್ಕೆ ಮೆಟಾಗೇಮಿಂಗ್ ಅಂತಾರೆ. ಆಟಗಾರರಿಗೆ ಗೊತ್ತಿರೋದನ್ನ ಕ್ಯಾರೆಕ್ಟರ್‌ಗೂ ಗೊತ್ತಿದೆ ಅನ್ನೋ ಥರ ಆಡೋದು. ನಾನು ಬಿಕಾಂ ಓದಿದವನು, ಹಾಗಾಗಿ ನನಗೆ ತಕ್ಷಣ ನೆನಪಾಗೋದು ಇನ್‌ಸೈಡರ್ ಟ್ರೇಡಿಂಗ್. ಕಂಪನಿ ಒಳಗಿನ ಸುದ್ದಿ ನಿಮಗೆ ಗೊತ್ತಿರೋದು ತಪ್ಪಲ್ಲ, ಅದು ಹೊರಗೆ ಬರೋ ಮೊದಲು ಅದನ್ನ ಇಟ್ಕೊಂಡು ಶೇರು ಕೊಂಡ್ರೆ ಸೆಬಿ ಹಿಡಿಯುತ್ತೆ. ಇಲ್ಲೂ ಅಷ್ಟೇ. ಓದಬೇಡಿ ಅಂತ ಯಾರೂ ಹೇಳಲ್ಲ. ಓದಿದ್ದನ್ನ ಬಳಸಬೇಡಿ ಅಂತಾರೆ.

ಅದು ಅಷ್ಟೇನೂ ಕಷ್ಟದ ಅಭ್ಯಾಸ ಅಲ್ಲ. ನಮ್ಮ ನಾಟಕಗಳಲ್ಲಿ ಸ್ವಗತ ಅಂತ ಇರುತ್ತಲ್ಲ? ಪಾತ್ರಧಾರಿ ಮನಸ್ಸಿನ ಮಾತನ್ನ ಜೋರಾಗೇ ಹೇಳ್ತಾನೆ, ಕೊನೇ ಸಾಲಿನಲ್ಲಿ ಕೂತವರಿಗೂ ಕೇಳಿಸುತ್ತೆ. ಪಕ್ಕದಲ್ಲೇ ನಿಂತಿರೋ ಇನ್ನೊಬ್ಬ ಪಾತ್ರಧಾರಿ ಕೇಳಿಸದ ಹಾಗೆ ನಿಂತಿರ್ತಾನೆ. ಅವನಿಗೆ ಕಿವಿ ಇಲ್ವಾ? ಇದೆ. ಆದ್ರೆ ಪಾತ್ರಕ್ಕೆ ಕೇಳಿಸಿಲ್ಲ.

ಇಲ್ಲಿವರೆಗೆ ಹೇಳಿದ್ದು ನಿಮಗೆ ಗೊತ್ತಿರಬಹುದು. ಈ ಚರ್ಚೆ ಬಂದಾಗಲೆಲ್ಲ ಬೈಸಿಕೊಳ್ಳೋದು ಕಂಬದ ಹಿಂದೆ ಇಣುಕಿದವರೇ. ನನ್ನ ಪ್ರಕಾರ ಹೆಚ್ಚು ಜವಾಬ್ದಾರಿ ಇರೋದು ಅಡಗಿಕೊಂಡವರ ಮೇಲೆ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ನೋಡಿ, 2004ರಲ್ಲಿ ಬಂದ ಆಟ. ಅದರಲ್ಲಿ ರೋಗ್ ಅನ್ನೋ ಕ್ಲಾಸ್ ಇದೆ. (ನಮ್ಮ ಭಾಷೇಲಿ ಕಾಯಿಲೆ ಹೆಸರಿನ ಥರ ಕೇಳುತ್ತೆ, ಇರ್ಲಿ.) ಒಂದು ಬಟನ್ ಒತ್ತಿದ್ರೆ ರೋಗ್ ಮರೆಯಾಗ್ತಾನೆ. ಯುದ್ಧದಲ್ಲಿ ಇದಕ್ಕೆ ಲೆಕ್ಕ ಇದೆ: ಎಷ್ಟು ಹತ್ತಿರ ಇದ್ದೀರಿ, ಎದುರಿಗೆ ಇದ್ದೀರಾ ಬೆನ್ನ ಹಿಂದೆ ಇದ್ದೀರಾ, ಎಲ್ಲ ನೋಡಿ ಕಂಪ್ಯೂಟರೇ ತೀರ್ಮಾನ ಮಾಡುತ್ತೆ. ಆದ್ರೆ ರೋಲ್‌ಪ್ಲೇ ನಡೆಯೋ ಜಾಗದಲ್ಲಿ ಅದೇ ಬಟನ್ ಒತ್ತಿ ಸಂಜೆಯೆಲ್ಲ ಮೂಲೇಲಿ ನಿಂತ್ರೆ, ಸುತ್ತ ಇರೋರ ಮಾತೆಲ್ಲ ಚಾಟ್‌ನಲ್ಲಿ ಓದಬಹುದು. ಒಂದು ಸಾಲೂ ಬರೆಯಬೇಕಾಗಿಲ್ಲ. ವಾರ ಬಿಟ್ಟು ಬಂದು 'ನಿಮ್ಮ ರಾಣಿ ಗುಟ್ಟು ನನಗೆ ಗೊತ್ತು, ಅವತ್ತು ನಾನು ಅಲ್ಲೇ ಇದ್ದೆ' ಅಂದ್ರೆ? ಆ ಗುಟ್ಟನ್ನ ಕಟ್ಟೋಕೆ ಇನ್ನೊಬ್ಬರು ತಿಂಗಳುಗಟ್ಟಲೆ ಬರೆದಿರ್ತಾರೆ. ಕಾಲೇಜು, ಕೆಲಸ ಎಲ್ಲ ಮುಗಿಸಿ ರಾತ್ರಿ ಹನ್ನೊಂದಕ್ಕೆ ಕೂತು ಬರೆದಿದ್ದು. ಹಿಡಿಯೋಕೆ ಒಂದು ಅವಕಾಶವನ್ನೂ ಕೊಡದೆ ಅದನ್ನ ಕಿತ್ಕೊಂಡ್ರೆ ಅವರು ಮತ್ತೆ ಆಟಕ್ಕೆ ಬರಲ್ಲ. ಬಂದ್ರೂ ಯಾರ ಮುಂದೇನೂ ಮನಸ್ಸು ಬಿಚ್ಚಿ ಬರೆಯಲ್ಲ.

ಆ ಅವಕಾಶವನ್ನ ದಾಳ ಹಾಕೋ ಆಟಗಳು ಹೇಗೆ ಕೊಡ್ತವೆ ನೋಡೋಣ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದಿದ್ದು 1974ರಲ್ಲಿ. ಮರುವರ್ಷವೇ ಅದಕ್ಕೆ ಕಳ್ಳನ ಕ್ಲಾಸ್ ಸೇರಿಸಿದ್ರು, ನೆರಳಲ್ಲಿ ಅಡಗೋಕೆ ಶೇಕಡಾ ಲೆಕ್ಕ ಇಟ್ಟೇ ಸೇರಿಸಿದ್ರು. 2014ರ ಐದನೇ ಆವೃತ್ತಿಯಲ್ಲಿ ಪ್ಯಾಸಿವ್ ಪರ್ಸೆಪ್ಶನ್ ಅಂತ ಒಂದು ಅಂಕಿ ಇದೆ: 10ಕ್ಕೆ ನಿಮ್ಮ ಪರ್ಸೆಪ್ಶನ್ ಬೋನಸ್ ಕೂಡಿಸಿ. ಅಂದ್ರೆ ಹುಡುಕದೇ ಸುಮ್ಮನೆ ನಿಂತಿದ್ರೂ ನಿಮ್ಮ ಕಣ್ಣು ಕಿವಿ ಇಷ್ಟು ಕೆಲಸ ಮಾಡ್ತವೆ ಅಂತ. ಕಾವಲುಗಾರನ ಅಂಕಿ 14 ಅಂತ ಇಟ್ಕೊಳ್ಳಿ. ಕಳ್ಳಿಯ ಸ್ಟೆಲ್ತ್ ಬೋನಸ್ 7. ಅವಳು 20 ಮುಖದ ದಾಳ ಹಾಕಿದಾಗ 6 ಅಥವಾ ಅದಕ್ಕಿಂತ ಕಡಿಮೆ ಬಿದ್ರೆ ಸಿಕ್ಕಿಬಿದ್ಲು. ಇಪ್ಪತ್ತರಲ್ಲಿ ಆರು, ಅಂದ್ರೆ 30 ಪರ್ಸೆಂಟ್. ಈಗ ದೀಪ ಮಂಕಾಗಿದೆ ಅನ್ನಿ. ಮಂದ ಬೆಳಕಲ್ಲಿ ನೋಡೋ ಮನುಷ್ಯನ ಪ್ಯಾಸಿವ್ ಅಂಕಿಯಿಂದ 5 ಕಳೀಬೇಕು. 14 ಇದ್ದದ್ದು 9 ಆಯ್ತು. ಆಗ 1 ಬಿದ್ರೆ ಸಿಕ್ಕಿಬೀಳ್ತಾಳೆ, 5 ಪರ್ಸೆಂಟ್. ಒಂದು ದೀಪಕ್ಕೆ ಇಷ್ಟು ಬೆಲೆ! ಒಳ್ಳೆ ಕಳ್ಳಿ ಮೊದಲು ದೀಪ ಆರಿಸ್ತಾಳೆ, ಒಳ್ಳೆ ಕಾವಲುಗಾರ ಮೊದಲು ದೀಪ ಹಚ್ಚಿಸ್ತಾನೆ. ಇಬ್ಬರಿಗೂ ಆಡೋಕೆ ಏನೋ ಸಿಕ್ತು.

ಇದರಲ್ಲಿ ಇನ್ನೊಂದು ಜಾಣತನ ಇದೆ. 'ಎಲ್ರೂ ಪರ್ಸೆಪ್ಶನ್ ರೋಲ್ ಮಾಡಿ' ಅಂತ ಡಂಜನ್ ಮಾಸ್ಟರ್ ಹೇಳಿದ ಕೂಡ್ಲೇ ಎಲ್ಲರಿಗೂ ಗೊತ್ತಾಗುತ್ತೆ, ಯಾರೋ ಅಡಗಿದ್ದಾರೆ ಅಂತ. ಪ್ಯಾಸಿವ್ ಅಂಕಿ ಇದ್ರೆ ಕೇಳೋದೇ ಬೇಡ. ರೋಲ್20 ಥರದ ಸೈಟ್‌ಗಳಲ್ಲಿ ದಾಳದ ಫಲಿತಾಂಶ ಹಾಕಿದವರಿಗೆ ಮತ್ತು ಡಂಜನ್ ಮಾಸ್ಟರ್‌ಗೆ ಮಾತ್ರ ಕಾಣೋ ಹಾಗೆ ಹಾಕೋ ಕಮಾಂಡ್ ಕೂಡ ಇದೆ.

ದಾಳವೇ ಇಲ್ಲದ, ಬರೀ ಬರವಣಿಗೆಯ ರೋಲ್‌ಪ್ಲೇಯಲ್ಲಿ ಏನು ಮಾಡೋದು? ಅಡಗೋರು ಒಂದು ಸುಳಿವು ಬಿಡಬೇಕು, ಅಷ್ಟೇ. 'ಸದ್ದಿಲ್ಲದೆ ನಿಂತಳು, ಯಾರಿಗೂ ಕಾಣಲಿಲ್ಲ' ಅಂತ ಬರೆದ್ರೆ ನೀವು ಬೇರೆಯವರ ಕಣ್ಣಿನ ಬಗ್ಗೆಯೂ ತೀರ್ಪು ಕೊಟ್ರಿ. ಅದು ನಿಮ್ಮ ಕೈಲಿಲ್ಲ. ಅದರ ಬದಲು 'ಕಿಟಕಿ ತೆರೆದಾಗ ತಣ್ಣನೆ ಗಾಳಿ ಬಂದು ದೀಪದ ಕುಡಿ ಅಲುಗಾಡಿತು, ಕಳ್ಳಿ ಕಂಬದ ಹಿಂದೆ ಸರಿದಳು' ಅಂತ ಬರೆದು ನೋಡಿ. ಈಗ ವ್ಯಾಪಾರಿಗೆ ಹಿಡಿಯೋಕೆ ಏನೋ ಇದೆ. ಅವನು ಎದ್ದು ಕಿಟಕಿ ಮುಚ್ಚಬಹುದು. ಹಾಳು ಗಾಳಿ ಅಂತ ಬೈದು ಮಾತು ಮುಂದುವರಿಸಬಹುದು. ಹನುಮಂತನಂಥ ಹನುಮಂತ ರಾತ್ರಿ ಹೊತ್ತು ಲಂಕೆಗೆ ನುಗ್ಗುವಾಗಲೂ ಬಾಗಿಲಲ್ಲಿ ಲಂಕಿಣಿ ತಡೆದಳಲ್ಲ? ತಡೀದೇ ಇದ್ದಿದ್ರೆ ಆ ಸೀನೇ ಇರ್ತಿರ್ಲಿಲ್ಲ.

ನನ್ನ ಇನ್ನೊಂದು ನಿಯಮ ಸ್ವಲ್ಪ ಕಟು. ಸೀನ್‌ನಲ್ಲಿ ನೀವು ಬರೆದಿಲ್ಲ ಅಂದ್ರೆ ನೀವು ಅಲ್ಲಿ ಇರಲೇ ಇಲ್ಲ. 'ನಾನು ಅಲ್ಲೇ ಇದ್ದೆ' ಅಂತ ಆಮೇಲೆ ಹೇಳೋದು ಲೆಕ್ಕಕ್ಕೆ ಬರಲ್ಲ. ಸೀನ್ ಹಾಳಾಗುತ್ತೆ ಅನ್ನಿಸಿದ್ರೆ ಎದುರಿನವರಿಗೆ ಖಾಸಗಿ ಮೆಸೇಜ್ ಹಾಕಿ: 'ನನ್ನ ಕ್ಯಾರೆಕ್ಟರ್ ಕದ್ದು ಕೇಳ್ತಿದ್ದಾಳೆ, ನಿಮಗೆ ಓಕೆನಾ? ಸಿಕ್ಕಿಬೀಳೋಕೂ ನಾನು ರೆಡಿ.' ಆ ಕೊನೇ ವಾಕ್ಯ ಬಿಡಬೇಡಿ. ಮುಕ್ಕಾಲು ಪಾಲು ಜಗಳ ಅಲ್ಲೇ ಕರಗುತ್ತೆ.

ಇನ್ನು ಎದುರಿನವರು 'ಯಾಕೋ ಅನುಮಾನ' ಅಂತ ಬರೆದೇಬಿಟ್ರೆ? ಎಲ್ಲರೆದುರು ಚೀಟಿಂಗ್ ಅಂತ ಕೂಗಬೇಡಿ. ಹೊಸಬರಿಗೆ ಎಷ್ಟೋ ಸಲ ಗೊತ್ತೇ ಇರಲ್ಲ. 'ನಿಮ್ಮ ವ್ಯಾಪಾರಿಗೆ ಹೇಗೆ ಗೊತ್ತಾಯ್ತು?' ಅಂತ ಖಾಸಗಿಯಾಗಿ ಕೇಳಿ. 'ದೀಪ ಅಲುಗಾಡ್ತಲ್ಲ' ಅಂತ ಉತ್ತರ ಬಂದ್ರೆ ಒಪ್ಕೊಳ್ಳಿ, ಸುಳಿವು ಬಿಟ್ಟಿದ್ದು ನೀವೇ. ಉತ್ತರ ಬರ್ಲಿಲ್ಲ ಅಂದ್ರೆ ಆ ಸಾಲು ಎಡಿಟ್ ಮಾಡ್ತೀರಾ ಅಂತ ಕೇಳೋಕೆ ಏನೂ ಸಂಕೋಚ ಬೇಡ.

ಮುಂದಿನ ಎಪಿಸೋಡ್‌ನಲ್ಲಿ ವೇಷ ಮರೆಸಿಕೊಂಡು ಬರೋ ಕ್ಯಾರೆಕ್ಟರ್‌ಗಳ ಬಗ್ಗೆ. ತಲೆ ಮೇಲೆ ಹೆಸರು ತೇಲ್ತಾ ಇರೋ ಆಟದಲ್ಲಿ ಅದು ಇನ್ನೂ ದೊಡ್ಡ ತಲೆನೋವು. ಸಿಗೋಣ.