ಕೇಪಿನ ಕೋವಿಯ ನಳಿಗೆ: ನೀರು ಯಾವಾಗ, ಎಣ್ಣೆ ಯಾವಾಗ?

(ಮಲೆನಾಡಿನ ಬೆಳೆಗಾರರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಗೊಬ್ಬರ, ಬೀಜ, ಸಸ್ಯ ಸಂರಕ್ಷಣೆಯ ವಿಷಯವಾಗಿ ಇಲ್ಲಿ ಸಾಕಷ್ಟು ಮಾತು ನಡೆದಿದೆ. ನಾನು ಈಗ ಹೇಳಹೊರಟಿರುವುದು ಬೆಳೆ ಕಾಯುವ ಮತ್ತೊಂದು ಸಲಕರಣೆಯನ್ನು ಕುರಿತು. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ ಮುಂತಾದ ಜಿಲ್ಲೆಗಳ ಅನೇಕ ರೈತರು ಬೆಳೆ ರಕ್ಷಣೆಗೆಂದು ಬಾಯಿಯಿಂದ ಮದ್ದು ತುಂಬುವ ಒಂಟಿ ನಳಿಗೆಯ ಕೋವಿಯನ್ನು ಇಟ್ಟುಕೊಂಡಿದ್ದಾರೆ. ಗದ್ದೆಗೆ ನುಗ್ಗುವ ಹಂದಿ, ತೋಟಕ್ಕೆ ಬರುವ ಮಂಗಗಳನ್ನು ಶಬ್ದದಿಂದ ಬೆದರಿಸಿ ಓಡಿಸಲು ಇದು ಬಳಕೆಯಾಗುತ್ತದೆ. ಪಂಪ್‌ಸೆಟ್ಟಿಗೆ, ಸಿಂಪಡಿಸುವ ಯಂತ್ರಕ್ಕೆ ತೋರಿಸುವ ಆರೈಕೆಯನ್ನು ಈ ಕೋವಿಗೆ ತೋರಿಸುವವರು ಕಡಿಮೆ. ಪಂಪು ಕೆಟ್ಟರೆ ನೀರು ನಿಲ್ಲುತ್ತದೆ. ನಳಿಗೆ ಕೆಟ್ಟರೆ ಹಿಡಿದವನ ಕೈ, ಕಣ್ಣು ಹೋಗಬಹುದು.

ಬಹುಮಂದಿಯ ನಂಬಿಕೆ ಏನೆಂದರೆ, ಈಡು ಹೊಡೆದ ಮೇಲೆ ನಳಿಗೆಯೊಳಗೆ ಧಾರಾಳವಾಗಿ ಎಣ್ಣೆ ಬಿಟ್ಟರೆ ಸಾಕು ಎಂಬುದು. ಇದು ಸರಿಯಲ್ಲ. ತೊಳೆಯುವುದು ನೀರಿನ ಕೆಲಸ, ಕಾಯುವುದು ಎಣ್ಣೆಯ ಕೆಲಸ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಕಿಟ್ಟ ಮತ್ತು ತುಕ್ಕು

ಕಪ್ಪು ಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಇದು ಉರಿದಾಗ ಪೂರ್ತಿಯಾಗಿ ಅನಿಲವಾಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಘನ ಪದಾರ್ಥವಾಗುತ್ತದೆ. ಅದರಲ್ಲಿ ಒಂದಿಷ್ಟು ಹೊಗೆಯೊಡನೆ ಹೊರಗೆ ಹೋಗುತ್ತದೆ, ಉಳಿದದ್ದು ನಳಿಗೆಯ ಒಳಮೈಗೆ ಕಿಟ್ಟವಾಗಿ ಅಂಟುತ್ತದೆ. ಈ ಕಿಟ್ಟದಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಸಲ್ಫೇಟ್, ಪೊಟ್ಯಾಸಿಯಂ ಸಲ್ಫೈಡ್ ಎಂಬ ಲವಣಗಳಿವೆ. ಇವು ಗಾಳಿಯ ತೇವವನ್ನು ಹೀರಿಕೊಂಡು ಕಬ್ಬಿಣವನ್ನು ತಿನ್ನತೊಡಗುತ್ತವೆ. ಮಳೆಗಾಲದ ಮಲೆನಾಡಿನಲ್ಲಿ ರಾತ್ರಿ ಹೊಡೆದ ಕೋವಿಯೊಳಗೆ ಬೆಳಗಾಗುವಷ್ಟರಲ್ಲಿ ತುಕ್ಕು ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ. ಚರೆ ಹಾಕದೆ ಬರಿ ಮದ್ದಿನ ಈಡು ಹೊಡೆದರೂ ಕಿಟ್ಟ ಕಟ್ಟುತ್ತದೆ.

ಈ ಲವಣಗಳು ನೀರಿನಲ್ಲಿ ಕರಗುತ್ತವೆ, ಎಣ್ಣೆಯಲ್ಲಿ ಕರಗುವುದಿಲ್ಲ. ಕಿಟ್ಟದ ಮೇಲೆ ಎಣ್ಣೆ ಸುರಿದರೆ ಅದು ಮೇಲೆ ನಿಲ್ಲುತ್ತದೆ, ಅಡಿಯಲ್ಲಿ ತುಕ್ಕು ಮುಂದುವರಿಯುತ್ತದೆ. ಕೆಲವು ವರ್ಷ ಹೀಗಾದರೆ ನಳಿಗೆಯ ಬುಡದಲ್ಲಿ ಗುಳಿಗಳು ಬೀಳುತ್ತವೆ. ಮದ್ದಿನ ಒತ್ತಡ ಅತಿ ಹೆಚ್ಚಾಗಿ ಬೀಳುವುದು ಅಲ್ಲಿಯೇ. ಹೊರಗೆ ನೋಡಲು ಕೋವಿ ಹೊಳೆಯುತ್ತಿದ್ದರೂ ಒಳಗೆ ಅದು ಟೊಳ್ಳಾಗಿರುತ್ತದೆ.

ತೊಳೆಯುವ ಕ್ರಮ

1. ಮೊದಲು ಕೋವಿ ಖಾಲಿಯಿದೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ಕೇಪು ತೆಗೆದು, ನಳಿಗೆಗೆ ಸಲಾಕೆ ಇಳಿಸಿ, ಬಾಯಿಯ ಮಟ್ಟದಲ್ಲಿ ಗುರುತು ಹಾಕಿ. ಸಲಾಕೆಯನ್ನು ಹೊರತೆಗೆದು ನಳಿಗೆಯ ಪಕ್ಕಕ್ಕೆ ಇಟ್ಟು ನೋಡಿ. ಅದು ಬುಡದವರೆಗೆ ಮುಟ್ಟಿರದಿದ್ದರೆ ಒಳಗೆ ಈಡು ಇದೆ ಎಂದೇ ತಿಳಿಯತಕ್ಕದ್ದು. ನಳಿಗೆಯ ಬಾಯಿಗೆ ಕಣ್ಣಿಟ್ಟು ನೋಡುವುದು ಎಂದಿಗೂ ಕೂಡದು.

2. ಕೇಪು ಕೂರುವ ನಿಪ್ಪಲನ್ನು ಬಿಚ್ಚಲು ಬರುವಂತಿದ್ದರೆ ಬಿಚ್ಚಿ ಬಿಸಿನೀರಿನಲ್ಲಿ ಹಾಕಿ. ನಳಿಗೆಯನ್ನು ಮರದಿಂದ ಬೇರ್ಪಡಿಸಬಹುದಾದರೆ ಅದರ ಬುಡವನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು, ಸಲಾಕೆಯ ತುದಿಗೆ ಹತ್ತಿ ಬಟ್ಟೆ ಸುತ್ತಿ ಮೇಲೆ ಕೆಳಗೆ ಎಳೆಯಿರಿ. ಸ್ವಲ್ಪ ಸೋಪು ಸೇರಿಸಬಹುದು. ಬೇರ್ಪಡಿಸಲು ಬಾರದಿದ್ದರೆ ಒದ್ದೆ ಬಟ್ಟೆಗಳನ್ನು ಒಂದಾದ ಮೇಲೊಂದು ಓಡಿಸಿ, ಬಿಳಿಯಾಗಿ ಹೊರಬರುವವರೆಗೂ ಒರೆಸಿ.

3. ಕೊನೆಯಲ್ಲಿ ಚೆನ್ನಾಗಿ ಕುದಿದ ನೀರು ಹಾಯಿಸಿದರೆ ಕಬ್ಬಿಣ ಕಾದು ತೇವ ಬೇಗ ಆರುತ್ತದೆ. ಅನಂತರ ಒಣಬಟ್ಟೆ ಓಡಿಸಿ. ನಳಿಗೆಯನ್ನು ಒಲೆಯ ಮೇಲೆ ಹಿಡಿದು ಒಣಗಿಸಬೇಡಿ.

4. ಪೂರಾ ಒಣಗಿದ ಮೇಲೆ ಎಣ್ಣೆ. ಹೊಲಿಗೆ ಯಂತ್ರಕ್ಕೆ ಹಾಕುವಂಥ ತೆಳುವಾದ ಎಣ್ಣೆಯನ್ನು ಬಟ್ಟೆಗೆ ಹಚ್ಚಿ ಒಮ್ಮೆ ಓಡಿಸಿದರೆ ಸಾಕು. ಕೋವಿಯನ್ನು ಬಾಯಿ ಕೆಳಗಾಗಿ ಇಡಿ. ಬಾಯಿ ಮೇಲಾಗಿಟ್ಟರೆ ಹೆಚ್ಚಾದ ಎಣ್ಣೆ ಬುಡಕ್ಕಿಳಿದು ಮದ್ದು ಕೂರುವ ಜಾಗದಲ್ಲಿ ನಿಲ್ಲುತ್ತದೆ.

5. ಎರಡು ಮೂರು ದಿನ ಬಿಟ್ಟು ಬಿಳಿ ಬಟ್ಟೆ ಓಡಿಸಿ ನೋಡಿ. ಕಂದು ಬಣ್ಣ ಬಂದರೆ ಮತ್ತೊಮ್ಮೆ ತೊಳೆಯಬೇಕು.

ಅಗಸೆ ಎಣ್ಣೆಯನ್ನು ನಳಿಗೆಯೊಳಗೆ ಬಳಸಬಾರದು. ಅದು ಒಣಗಿ ಅಂಟಾಗುತ್ತದೆ. ಕರಿದು ಉಳಿದ ಎಣ್ಣೆ, ಉಪ್ಪು ಹಾಕಿದ ಬೆಣ್ಣೆಗಳಲ್ಲಿ ಉಪ್ಪಿನಂಶವಿರುವುದರಿಂದ ಅವೂ ಬೇಡ.

ತುಂಬುವಾಗ ಬಳಸುವ ಜಿಡ್ಡು

ಶೇಖರಣೆಗೆ ಹಚ್ಚುವ ಎಣ್ಣೆ ಬೇರೆ, ಈಡಿನೊಡನೆ ಬಳಸುವ ಜಿಡ್ಡು ಬೇರೆ. ರೈಫಲ್ ಎಂಬ ಕೋವಿಯ ಒಳಮೈಯಲ್ಲಿ ಸುರುಳಿ ಗೆರೆಗಳಿರುತ್ತವೆ. ಬಾಯಿಯಿಂದ ತುಂಬುವ ರೈಫಲ್ಲಿನಲ್ಲಿ ನಳಿಗೆಗಿಂತ ಸ್ವಲ್ಪ ಸಣ್ಣ ಗುಂಡನ್ನು ಜಿಡ್ಡು ಸವರಿದ ಹತ್ತಿ ಬಟ್ಟೆಯ ತುಂಡಿನಲ್ಲಿ ಸುತ್ತಿ ಇಳಿಸುತ್ತಾರೆ. ಅರ್ಧ ಅಂಗುಲದ ನಳಿಗೆಗೆ 0.49 ಅಂಗುಲದ ಗುಂಡು ಹಾಕುವುದು ವಾಡಿಕೆ. ಬಟ್ಟೆ ಗೆರೆಗಳನ್ನು ಹಿಡಿದು ಗುಂಡನ್ನು ತಿರುಗಿಸುತ್ತದೆ. ಜಿಡ್ಡು ಕಿಟ್ಟವನ್ನು ಮೆತ್ತಗಾಗಿಸಿ ಮುಂದಿನ ಗುಂಡಿಗೆ ದಾರಿ ಮಾಡುತ್ತದೆ.

ಜಿಡ್ಡಿಲ್ಲದಿದ್ದರೆ ಕೆಲವು ಈಡುಗಳಾದ ಮೇಲೆ ಗುಂಡು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿನ ಕಾಗದದ ತೋಟೆಗಳಿಗೆ ಜಿಡ್ಡು ಸವರುತ್ತಿದ್ದುದು ಇದಕ್ಕಾಗಿಯೇ. ಅದು ದನ ಮತ್ತು ಹಂದಿಯ ಕೊಬ್ಬೆಂಬ ಸುದ್ದಿ 1857ರಲ್ಲಿ ಸಿಪಾಯಿಗಳಲ್ಲಿ ಹಬ್ಬಿತು. ಆ ವರ್ಷ ಏಪ್ರಿಲ್ 24ರಂದು ಮೀರತ್‌ನಲ್ಲಿ 85 ಮಂದಿ ಸವಾರರು ತೋಟೆ ಮುಟ್ಟಲು ನಿರಾಕರಿಸಿದರು. ಮೇ 10ರಂದು ಅಲ್ಲಿ ದಂಗೆಯೆದ್ದಿತು. ಜೇನುಮೇಣ ಮತ್ತು ಸಸ್ಯದ ಎಣ್ಣೆಯಿಂದಲೂ ಆ ಕೆಲಸ ಆಗುತ್ತಿತ್ತು.

ನಮ್ಮ ರೈತರ ಕೋವಿಗಳ ಒಳಮೈ ಸಾಮಾನ್ಯವಾಗಿ ನುಣುಪು. ಚರೆಯ ಈಡಿಗೆ ಬಟ್ಟೆ ಸುತ್ತುವುದಿಲ್ಲ, ಬಿರಡೆ ಹಾಕುತ್ತೇವೆ. ಆದರೂ ತತ್ವ ಒಂದೇ. ಬಿರಡೆಗೆ ಹಚ್ಚಲು ಜೇನುಮೇಣ ಮತ್ತು ಹರಳೆಣ್ಣೆ ಅಥವಾ ತೆಂಗಿನ ಎಣ್ಣೆಯ ಮುಲಾಮು ಒಳ್ಳೆಯದು. ತೆಂಗಿನ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುತ್ತದೆ. ಜೇನುಮೇಣ ಕರಗಲು 60 ಡಿಗ್ರಿಗೂ ಹೆಚ್ಚು ಶಾಖ ಬೇಕು. ಆದ್ದರಿಂದ ಬೇಸಿಗೆಯಲ್ಲಿ ಮೇಣದ ಪಾಲು ಹೆಚ್ಚಿರಲಿ. ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ. ಹತ್ತಿರದಲ್ಲಿ ಮದ್ದು ಇರಕೂಡದು. ಮದ್ದಿಗೆ ತಾಗುವಂತೆ ಒಂದು ಒಣ ರಟ್ಟಿನ ಬಿರಡೆ, ಅದರ ಮೇಲೆ ಜಿಡ್ಡಿನ ಬಿರಡೆ, ಹೀಗೆ ಹಾಕಿದರೆ ಮದ್ದು ನೆನೆಯುವುದಿಲ್ಲ. ಯಂತ್ರದ ಎಣ್ಣೆಯನ್ನು ಈ ಕೆಲಸಕ್ಕೆ ಬಳಸಿದರೆ ಅದು ಕಪ್ಪು ಮದ್ದಿನೊಡನೆ ಉರಿದು ಗಟ್ಟಿ ಡಾಂಬರಿನಂತೆ ಅಂಟಿಕೊಳ್ಳುತ್ತದೆ.

ಹೊಡೆಯುವ ಮುನ್ನ

ಶೇಖರಣೆಗೆ ಹಚ್ಚಿದ್ದ ಎಣ್ಣೆಯನ್ನು ಒಣಬಟ್ಟೆಯಿಂದ ಪೂರ್ತಿ ತೆಗೆಯಬೇಕು. ಖಾಲಿ ಕೋವಿಯ ಬಾಯನ್ನು ನೆಲದ ಮೇಲಿನ ಒಂದು ಹಸಿ ಎಲೆಯ ಕಡೆಗೆ ಹಿಡಿದು ಬರಿ ಕೇಪು ಹೊಡೆಯಿರಿ. ಎಲೆ ಅಲುಗಿದರೆ ದಾರಿ ಸ್ವಚ್ಛವಾಗಿದೆ. ಇಷ್ಟು ಮಾಡದಿದ್ದರೆ ಕೇಪು ಸಿಡಿದರೂ ಮದ್ದು ಹತ್ತುವುದಿಲ್ಲ, ಅಥವಾ ತಡವಾಗಿ ಹತ್ತುತ್ತದೆ. ಈಡು ಹಾರದಿದ್ದರೆ ಕೋವಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕೆಲವು ನಿಮಿಷ ಹಾಗೆಯೇ ಕಾಯಿರಿ.

ಸರಿಯಾಗಿ ತುಂಬಿದಾಗ ಸಲಾಕೆ ಎಲ್ಲಿಗೆ ಬರುತ್ತದೆಂದು ಗುರುತು ಹಾಕಿಟ್ಟುಕೊಳ್ಳಿ. ಮುಂದಿನ ಸಲ ಗುರುತು ಮೇಲೆಯೇ ನಿಂತರೆ ಬಿರಡೆ ಅಥವಾ ಗುಂಡು ಕಿಟ್ಟದಲ್ಲಿ ಸಿಕ್ಕಿ, ಮದ್ದಿಗೂ ಅದಕ್ಕೂ ನಡುವೆ ಟೊಳ್ಳು ಉಳಿದಿದೆ ಎಂದರ್ಥ. ಅಂಥ ಈಡು ಹೊಡೆದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಒಂದು ಈಡಾದ ಕೂಡಲೇ ಮತ್ತೆ ಮದ್ದು ಸುರಿಯಬೇಡಿ. ಒಳಗೆ ಕೆಂಡದ ಕಿಡಿ ಉಳಿದಿರಬಹುದು. ಸ್ವಲ್ಪ ತಡೆದು, ಒದ್ದೆ ಬಟ್ಟೆ, ಬಳಿಕ ಒಣಬಟ್ಟೆ ಓಡಿಸಿ, ಅಳತೆಯ ಪಾತ್ರೆಯಿಂದಲೇ ಮದ್ದು ಹಾಕಿ. ತೋಟೆ ಕೋವಿಯ ಹೊಗೆರಹಿತ ಮದ್ದನ್ನು ಕೇಪಿನ ಕೋವಿಗೆ ಎಂದಿಗೂ ತುಂಬಬಾರದು. ತುಂಬಿದ ಕೋವಿಯನ್ನು ಮನೆಗೆ ತರಬಾರದು. ಖಾಲಿ ಕೋವಿಯನ್ನೂ ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಬೇಕು.

ಕೊನೆಯ ಮಾತು

ಕೊಡಗಿನಲ್ಲಿ ನಾಟಿ ಮುಗಿದ ಮೇಲೆ ಸೆಪ್ಟೆಂಬರ್ 3ರ ಸುಮಾರಿಗೆ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಒರೆಸಿ, ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಬೇರೆಡೆ ಆಯುಧ ಪೂಜೆಯಿದೆ. ಈ ಹಬ್ಬಗಳು ಚೆನ್ನಾದ ಪದ್ಧತಿ. ಆದರೆ ಜೂನ್ ತಿಂಗಳಲ್ಲಿ ಹೊಡೆದ ಈಡಿನ ಕಿಟ್ಟ ಹಬ್ಬದವರೆಗೆ ಕಾಯುವುದಿಲ್ಲ. ಚುನಾವಣೆಯ ಕಾಲದಲ್ಲಿ ಠಾಣೆಯಲ್ಲಿ ಠೇವಣಿ ಇಡಬೇಕಾದಾಗಲೂ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿಯೇ ಕೊಡಿ. ಹಿಂದಕ್ಕೆ ಬಂದಾಗ ಮೊದಲು ಬಿಳಿ ಬಟ್ಟೆ ಓಡಿಸಿ ನೋಡಿ. ಗುಳಿ ಬಿದ್ದ ಅಥವಾ ಉಬ್ಬಿದ ನಳಿಗೆಯನ್ನು ಪರವಾನಗಿ ಇರುವ ಕೋವಿ ರಿಪೇರಿಗಾರನಿಗೆ ತೋರಿಸದೆ ಬಳಸಬೇಡಿ.

ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ ಎಂಬುದೂ ನೆನಪಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಎಲ್ಲರಿಗೂ ಅನ್ವಯಿಸುತ್ತದೆ.

ಬಿಸಿನೀರು, ಹಳೆಯ ಹತ್ತಿ ಬಟ್ಟೆ, ನಾಲ್ಕು ಹನಿ ಎಣ್ಣೆ, ಅರ್ಧ ಗಂಟೆಯ ಶ್ರಮ. ಇದರಲ್ಲಿ ದುಬಾರಿಯಾದದ್ದು ಏನೂ ಇಲ್ಲ. ಈಡು ಹೊಡೆದ ದಿನವೇ ಇದನ್ನು ಮಾಡುವುದು ರೂಢಿಯಾಗಲಿ ಎಂದು ಕೋರಿ ನನ್ನ ಮಾತನ್ನು ಮುಗಿಸುತ್ತೇನೆ.